ತಲೆಯ ಮೇಲಿನ ನೆಲ

ಡೈನೋಸಾರ್ ನೋಡಬೇಕೆಂದು ದೇವಬಾಗಕ್ಕೆ ಬರುವವರು ಯಾರೂ ಇಲ್ಲ. ಬರುವವರೆಲ್ಲ ಬರುವುದು ಗಾಳಿಮರದ ನೆರಳಿಗೆ, ಹುರಿದ ಬಂಗಡೆಗೆ, ಡಾಲ್ಫಿನ್ನಿನ ಬೆನ್ನು ಒಂದು ಸಲವಾದರೂ ಕಂಡೀತೇನೋ ಎಂಬ ಆಸೆಗೆ. ಬಂದವರು ಉಸುಕಿನಲ್ಲಿ ಹೆಸರು ಬರೆಯುತ್ತಾರೆ, ಅಲೆ ಬಂದು ಒರೆಸುವ ಮೊದಲು ಫೋಟೊ ಹೊಡೆದುಕೊಳ್ಳುತ್ತಾರೆ, ಸಂಜೆಯ ಹೊತ್ತಿಗೆ ಕಾರು ಹತ್ತುತ್ತಾರೆ. ನನಗೆ ಮಾತ್ರ ಅಲ್ಲಿ ಕೂತರೆ ಇಪ್ಪತ್ತು ಕೋಟಿ ವರ್ಷದ ಹಿಂದಿನ ಪ್ರಾಣಿಗಳೇ ನೆನಪಾಗುತ್ತವೆ. ಇದೊಂದು ಚಟ. ಬೀಡಿಯ ಚಟಕ್ಕಿಂತ ಅಗ್ಗ, ಯಾರಿಗೂ ತೊಂದರೆಯಿಲ್ಲ.

ಕಾರವಾರದ ಕೋಡಿಬಾಗದ ದಡದಲ್ಲಿ ನಿಂತರೆ ನದಿಯ ಆಚೆಗೆ ಕಾಣುವ ಮರಳಿನ ಚಾಚು ದೇವಬಾಗ. ನಡುವೆ ಕಾಳಿ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ದಾರಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ತಂಗಿ, ಇಲ್ಲಿಗೆ ಬರುವಾಗ ಅದಕ್ಕೆ ಯಾವ ಅವಸರವೂ ಉಳಿದಿರುವುದಿಲ್ಲ. ಭರತ ಬಂದಾಗ ಹಿಂದಕ್ಕೂ ಹರಿಯುತ್ತದೆ. ಒಂದು ಮಗ್ಗುಲಿಗೆ ಸದಾಶಿವಗಡದ ಗುಡ್ಡ, ಎದುರಿಗೆ ಸಮುದ್ರದಲ್ಲಿ ಕೂರ್ಮಗಡ, ದೇವಗಡದ ನಡುಗಡ್ಡೆಗಳು. ದಡದುದ್ದಕ್ಕೂ ಗಾಳಿಮರ. ಅವುಗಳ ಸೂಜಿಯಂಥ ರೆಂಬೆಗಳಲ್ಲಿ ಗಾಳಿ ನುಗ್ಗಿದಾಗ ಹುಟ್ಟುವ ಸದ್ದು ಅಲೆಯ ಸದ್ದಿನೊಳಗೆ ಬೆರೆತು, ಯಾವುದು ಕಡಲು ಯಾವುದು ಕಾಡು ಎಂದು ಕಣ್ಣು ಮುಚ್ಚಿದವನಿಗೆ ತಿಳಿಯುವುದಿಲ್ಲ.

ಚಟಕ್ಕೆ ಬೇಕಾದ ಮೊದಲ ಸಾಮಗ್ರಿ ಕಲ್ಲು. ಸದಾಶಿವಗಡದ ಬುಡದಲ್ಲಾಗಲಿ, ನಡುಗಡ್ಡೆಗಳ ಅಂಚಿನಲ್ಲಾಗಲಿ ಅದಕ್ಕೇನೂ ಬರವಿಲ್ಲ. ತೊಂದರೆ ಏನೆಂದರೆ, ಅದು ನಮಗೆ ಬೇಕಾದುದಕ್ಕಿಂತ ವಿಪರೀತ ಹಳೆಯದು. ಕಾರವಾರದ ಸುತ್ತಿನ ಪಟ್ಟೆಪಟ್ಟೆಯ ನೈಸ್ ಬಂಡೆಗೆ ಭೂವಿಜ್ಞಾನಿಗಳು ಕಟ್ಟಿದ ವಯಸ್ಸು ಸುಮಾರು 320 ಕೋಟಿ ವರ್ಷ. ಅದು ಹೆಪ್ಪುಗಟ್ಟಿದಾಗ ಭೂಮಿಯ ಮೇಲೆ ಪ್ರಾಣಿಯೆಂಬುದೇ ಇರಲಿಲ್ಲ. ಹುಳುವಿಲ್ಲ, ಎಲೆಯಿಲ್ಲ, ಎಲುಬಂತೂ ಇಲ್ಲವೇ ಇಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಅಷ್ಟೇ ಸಂಸಾರ. ಇಂಥ ಕಲ್ಲಿನಲ್ಲಿ ಡೈನೋಸಾರ್ ಹುಡುಕುವುದು, ಶಾತವಾಹನರ ಶಾಸನದಲ್ಲಿ ಮೊಮ್ಮಗನ ಮೊಬೈಲ್ ನಂಬರ್ ಹುಡುಕಿದ ಹಾಗೆ.

ಕಲ್ಲು ಬಿಟ್ಟರೆ ಉಸುಕು. ಅದು ಇನ್ನೊಂದು ತುದಿ. ಈಗಿರುವ ಸಮುದ್ರಮಟ್ಟ ಹೆಚ್ಚುಕಡಿಮೆ ಈ ಎತ್ತರಕ್ಕೆ ಬಂದು ನಿಂತು ಕೆಲವೇ ಸಾವಿರ ವರ್ಷ. ದೇವಬಾಗದ ಚಾಚು ಅದಕ್ಕಿಂತ ಹಳೆಯದಾಗಿರಲಾರದು. ನದಿ ತಂದದ್ದು, ಕಡಲು ಒದ್ದದ್ದು, ಎರಡರ ಜಗಳದಲ್ಲಿ ನಡುವೆ ಬಿದ್ದುಕೊಂಡದ್ದು. ಮಳೆಗಾಲದಲ್ಲಿ ಒಂದು ಕಡೆ ಕೊರೆದು ಇನ್ನೊಂದು ಕಡೆ ಪೇರಿಸುತ್ತದೆ. ಒಂದೊಂದು ಕಣವೂ ಮೇಲಿನ ಅದೇ ಮುದುಕ ಬಂಡೆಯ ಚೂರು ಎಂಬುದು ನಿಜ. ಆದರೆ ಚೂರುಗಳನ್ನೆಲ್ಲ ಒಟ್ಟುಗೂಡಿಸಿ ಹಾಸಿದ ಹಾಸಿಗೆ ನಿನ್ನೆ ಮೊನ್ನೆಯದು. ಅಂತೂ ಕಾಲ ಕೆಳಗೆ ಕೆಲ ಸಾವಿರ ವರ್ಷ, ಅದರ ಕೆಳಗೆ ಒಮ್ಮೆಗೇ 320 ಕೋಟಿ. ನಡುವಿನದ್ದೆಲ್ಲ ನಾಪತ್ತೆ. ಡೈನೋಸಾರ್‌ಗಳು ಹುಟ್ಟಿದ ಟ್ರಯಾಸಿಕ್, ಮೈ ಬೆಳೆಸಿದ ಜುರಾಸಿಕ್, ಮೆರೆದು ಮುಗಿದ ಕ್ರಿಟೇಷಿಯಸ್, ಒಂದಕ್ಕೂ ಇಲ್ಲಿ ದಾಖಲೆಯಿಲ್ಲ.

ದಾಖಲೆಯಿಲ್ಲ ಎಂದರೆ ಪ್ರಾಣಿಗಳೇ ಇರಲಿಲ್ಲವೇ? ಇಲ್ಲಿಯೇ ನನ್ನ ಚಟಕ್ಕೆ ರುಚಿ ಹತ್ತುವುದು. ಇಪ್ಪತ್ತೆರಡು ಕೋಟಿ ವರ್ಷದ ಹಿಂದೆ ಈ ಜಾಗ ಕರಾವಳಿಯೇ ಆಗಿರಲಿಲ್ಲ. ಅರಬ್ಬೀ ಸಮುದ್ರ ಇರಲಿಲ್ಲ, ಸಹ್ಯಾದ್ರಿ ಇರಲಿಲ್ಲ, ಕಾಳಿಯೂ ಇರಲಿಲ್ಲ. ಭೂಮಿಯ ನೆಲವೆಲ್ಲ ಒಟ್ಟಾಗಿ ಪ್ಯಾಂಜಿಯಾ ಎಂಬ ಒಂದೇ ಮಹಾಖಂಡ. ಅದರ ದಕ್ಷಿಣದ ಪಾಲು ಗೊಂಡ್ವಾನ. ಅದರೊಳಗೆ, ಭೂಮಧ್ಯರೇಖೆಯಿಂದ ಸಾಕಷ್ಟು ಕೆಳಗೆ, ಇಂದಿನ ಉತ್ತರ ಕನ್ನಡದ ಪಡುವಣಕ್ಕೆ ಮಡಗಾಸ್ಕರ್ ಗೋಡೆಗೆ ಗೋಡೆ ಹತ್ತಿಸಿಕೊಂಡು ನಿಂತಿತ್ತು. ಮಡಗಾಸ್ಕರದ ಈಶಾನ್ಯದಲ್ಲಿ ಅಂತೋಂಗಿಲ್ ಎಂಬ ಪ್ರದೇಶವಿದೆ. ಅಲ್ಲಿನ ಬಂಡೆಯ ವಯಸ್ಸೂ ಗುಣವೂ ನಮ್ಮ ಕಾರವಾರದ ಬಂಡೆಗೆ ಹೊಂದುತ್ತದೆ ಎಂದು ಅಳೆದು ನೋಡಿದವರು ಹೇಳುತ್ತಾರೆ. ಪಾಲಾಗಿ ಹೋದ ದಾಯಾದಿ. ಮನೆ ಒಡೆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಆಗ ಉಕ್ಕಿದ ಬೆಂಕಿಯ ಗುರುತು ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಲ್ಲಿದೆ. ಆ ಬಿರುಕಿನಲ್ಲಿ ನುಗ್ಗಿದ ನೀರೇ ಬೆಳೆದು ಬೆಳೆದು, ಈಗ ದೇವಬಾಗದಲ್ಲಿ ನಮ್ಮ ಚಪ್ಪಲಿಯನ್ನು ಕದ್ದೊಯ್ಯುತ್ತದೆ.

ಅಂದರೆ ಇಲ್ಲಿ ಒಣನೆಲವಿತ್ತು. ಒಣನೆಲವಿದ್ದಲ್ಲಿ ಆ ಕಾಲದ ಪ್ರಾಣಿಗಳು ಓಡಾಡಿರಲೇಬೇಕು. ಹಾಗಾದರೆ ಆ ನೆಲವೆಲ್ಲಿ? ಇವತ್ತು ನಾವು ಮುಟ್ಟುವ ಸದಾಶಿವಗಡದ ಬಂಡೆ ಅಂದು ಮಣ್ಣಿನಡಿ, ಕಲ್ಲಿನಡಿ, ಆಳದಲ್ಲೆಲ್ಲೋ ಹೂತು ಮಲಗಿತ್ತು. ಮೇಲಿದ್ದದ್ದನ್ನೆಲ್ಲ ಕೋಟಿ ಕೋಟಿ ವರ್ಷದ ಮಳೆ ಕೆರೆದು ತೆಗೆಯಿತು. ಬಿಸಿಲು ಸಡಿಲಿಸಿತು, ಹೊಳೆ ಹೊತ್ತಿತು, ಕಡಲು ನುಂಗಿತು. ಭೂಮಿ ಏರಿದ್ದು ಇಳಿದದ್ದರ ಲೆಕ್ಕ ಬೇರೆ ಇದೆ. ಬಂಡೆಯ ಲೆಕ್ಕದಲ್ಲಿ ಹೇಳುವುದಾದರೆ, ಡೈನೋಸಾರ್ ನಡೆದಿರಬಹುದಾದ ನೆಲ ದೇವಬಾಗದಲ್ಲಿ ನಮ್ಮ ಕಾಲ ಕೆಳಗಿಲ್ಲ, ತಲೆಯ ಮೇಲಿದೆ. ಗಾಳಿಮರದ ತುದಿಗಿಂತ ಎಷ್ಟೋ ಮೇಲೆ, ಗರುಡ ಸುತ್ತು ಹಾಕುವಲ್ಲಿ ಎಲ್ಲೋ ಅದರ ಹೆಜ್ಜೆಗಳಿದ್ದವು. ಬೇರೆ ಊರಿನವರು ಅಗೆದು ಹುಡುಕುತ್ತಾರೆ. ನಾವು ಉಸುಕಿನ ಮೇಲೆ ಅಂಗಾತ ಮಲಗಿ ಹುಡುಕಬೇಕು. ಇದಕ್ಕಿಂತ ಸುಖದ ಸಂಶೋಧನೆ ಇದ್ದೀತೆ?

ಆದರೂ ಆಕಾಶದಲ್ಲಿ ಎಲುಬು ಸಿಗುವುದಿಲ್ಲವಾದ್ದರಿಂದ, ಎಲುಬಿಗಾಗಿ ಗೋದಾವರಿಗೆ ಹೋಗಬೇಕು. ತೆಲಂಗಾಣದ ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ, ಪ್ರಾಣಹಿತಾ ಬಂದು ಗೋದಾವರಿಗೆ ಸೇರುವ ಸೀಮೆಯಲ್ಲಿ, ನೆಲವೇ ಉದ್ದಕ್ಕೆ ಸೀಳಿ ಕುಸಿಯುತ್ತ ಹೋದ ಒಂದು ಕಣಿವೆಯಿದೆ. ನಮ್ಮದು ಗಟ್ಟಿ ನೆಲ, ತಲೆಯೆತ್ತಿ ನಿಂತು ಸವೆಯಿತು. ಅದು ತಗ್ಗಿದ ನೆಲ. ತಗ್ಗಿದ್ದರಿಂದಲೇ ಸುತ್ತಲಿನ ಹೊಳೆಗಳ ಕೆಸರೆಲ್ಲ ಅಲ್ಲಿ ಬಂದು ತುಂಬಿತು, ಕೆಸರಿನೊಡನೆ ಸತ್ತವರೂ ಸಿಕ್ಕಿಬಿದ್ದರು. ಅಲ್ಲಿನ ಮಲೇರಿ ಎಂಬ ಹಳ್ಳಿಯ ಹೆಸರಿನ ಕೆಂಪು ಜೇಡಿಕಲ್ಲಿನ ಪದರಗಳು ಭಾರತದ ಮೊಟ್ಟಮೊದಲ ಡೈನೋಸಾರ್‌ಗಳ ಮನೆ.

ಮಲೇರಿಯ ಲೋಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕೆಂಪು ಮಣ್ಣು. ಮಣ್ಣಿನೊಳಗೆ ಸುಣ್ಣದ ಗಂಟುಗಳು. ಮಳೆಗಾಲವೂ ಕಡುಬೇಸಿಗೆಯೂ ಸರದಿಯ ಮೇಲೆ ಬರುತ್ತಿದ್ದ ದೇಶದಲ್ಲಷ್ಟೇ ಹೀಗಾಗುವುದು. ಮಾನ್ಸೂನು ನಮ್ಮ ಕರಾವಳಿಯ ಸ್ವಂತ ಆಸ್ತಿ ಎಂದು ಬೀಗುವವರು ಇದನ್ನು ಗಮನಿಸಬೇಕು. ಪ್ಯಾಂಜಿಯಾದಷ್ಟು ದೊಡ್ಡ ನೆಲ ಕಾದಾಗ ಎದ್ದ ಮಳೆಗಾಳಿ ಇಂದಿನದಕ್ಕಿಂತ ಭಾರಿಯಾಗಿತ್ತೆಂದು ಬಲ್ಲವರ ಅಂದಾಜು. ಹೊಳೆಯ ತಳದಲ್ಲಿ ಮೆಟೊಪೊಸಾರ್ ಎಂಬ ದೈತ್ಯ ಉಭಯವಾಸಿ, ಚಪ್ಪಟೆ ತಲೆ, ತಲೆಯ ಮುಂಭಾಗದಲ್ಲೇ ಕಣ್ಣು, ಬಾಯಿ ತೆರೆದರೆ ಮುಗಿಯಿತು. ನೀರಿನ ಮೇಲ್ಗಡೆ ಪ್ಯಾರಾಸೂಕಸ್. ನೋಡಿದವರು ಮೊಸಳೆಯೆಂದೇ ಹೇಳಬೇಕು: ಅದೇ ಉದ್ದ ಮೂತಿ, ಅದೇ ಹಲ್ಲು, ಬೆನ್ನ ಮೇಲೆ ಅದೇ ಗುಬುಟು. ಮೂಗಿನ ಹೊಳ್ಳೆ ನೋಡಿದಾಗ ಗುಟ್ಟು ರಟ್ಟಾಗುತ್ತದೆ. ಮೊಸಳೆಯ ಹೊಳ್ಳೆ ಮೂತಿಯ ತುದಿಯಲ್ಲಿ, ಇದರದ್ದು ಕಣ್ಣಿನ ಹತ್ತಿರ. ಮೊಸಳೆಗೆ ಇದು ಅಪ್ಪನೂ ಅಲ್ಲ, ಅಜ್ಜನೂ ಅಲ್ಲ. ಮೊಸಳೆಯ ಕಸುಬನ್ನು ಮೊಸಳೆಗಿಂತ ಮೊದಲು ಮಾಡಿ, ಅಂಗಡಿ ಮುಚ್ಚಿ ಹೋದ ಬೇರೊಂದು ಮನೆತನ. ಜೊತೆಯಲ್ಲೇ ಸತ್ತುಬಿದ್ದ ಎರಡು ಪ್ಯಾರಾಸೂಕಸ್‌ಗಳ ಪೂರ್ತಿ ಅಸ್ಥಿಪಂಜರಗಳು ಮಲೇರಿಯಲ್ಲಿ ಸಿಕ್ಕಿದ್ದವು. ಅವುಗಳ ಹೊಟ್ಟೆಯ ಜಾಗದಲ್ಲಿ ಮಲೇರಿಸಾರಸ್ ಎಂಬ ಹಲ್ಲಿಯಂಥ ಪ್ರಾಣಿಯ ಎಲುಬುಗಳಿದ್ದವು. ಕೊನೆಯ ಊಟ ಯಾವುದೆಂದು ಇಪ್ಪತ್ತೆರಡು ಕೋಟಿ ವರ್ಷದ ಮೇಲೆ ಗೊತ್ತಾಗುವುದು ಎಂದರೆ ಸ್ವಲ್ಪ ಮುಜುಗರದ ವಿಷಯವೇ.

ದಡದಲ್ಲಿ ಹೈಪರೊಡಾಪಿಡಾನ್. ಎಲ್ಲಕ್ಕಿಂತ ಹೆಚ್ಚು ಸಿಗುವುದು ಅದೇ. ದುಂಡು ಮೈ, ಮುಂದೆ ಗಿಳಿಯಂಥ ಕೊಕ್ಕು, ಬಾಯೊಳಗೆ ಅಂಗುಳದ ಮೇಲೆ ಸಾಲು ಸಾಲು ಹಲ್ಲು. ಗಡ್ಡೆಗೆಣಸು, ಬೇರು, ಗಟ್ಟಿ ಸೊಪ್ಪು ಅರೆಯುವುದಕ್ಕೆ ಮಾಡಿಸಿಟ್ಟ ಬಾಯಿ. ಮಲೇರಿಯಲ್ಲಿ ಇನ್ನೊಂದು ವಸ್ತು ಹೇರಳವಾಗಿ ಸಿಗುತ್ತದೆ: ಕಲ್ಲಾದ ಲದ್ದಿ. ಅದನ್ನೂ ಒಡೆದು ನೋಡಿದವರಿದ್ದಾರೆ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಜೀವಿಗಳು ಸಿಕ್ಕಿವೆ. ವಿದ್ವತ್ತಿಗೆ ಹೇಸಿಗೆಯಿಲ್ಲ. ಹೇಸುವವರು ವಿದ್ವಾಂಸರಾಗುವುದೂ ಇಲ್ಲ.

ಮಲೇರಿಯ ಕಥೆ ಶುರುವಾದದ್ದು ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್‌ನಿಂದ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆತ ಅಲ್ಲಿಂದ ಸಂಗ್ರಹಿಸಿದ್ದರಲ್ಲಿ ಶ್ವಾಸಕೋಶವಿರುವ ಮೀನಿನ ಹಲ್ಲುಗಳಿದ್ದವು. ಶುಭವಾರ್ತೆ ಸಾರಲು ಬಂದವನು ಮೀನಿನ ಹಲ್ಲು ಹೆಕ್ಕುತ್ತ ಕೂತ ಆ ದೃಶ್ಯ ನನಗೆ ಪ್ರಿಯ. 1863ರಲ್ಲಿ ಹಳ್ಳ ದಾಟುವಾಗ ನೀರುಪಾಲಾದ. ಪ್ಯಾರಾಸೂಕಸ್‌ನ ಪೂರ್ತಿ ಹೆಸರಿನಲ್ಲಿ ಈಗಲೂ ಹಿಸ್ಲಾಪ್ ಇದ್ದಾನೆ.

ಇನ್ನು ನಮ್ಮ ನಾಯಕ. ಈ ದೊಡ್ಡವರ ನಡುವೆ ಕಾಲಿಗೆ ಸಿಗದಂತೆ ಓಡಾಡಿಕೊಂಡಿದ್ದ ಪುಟ್ಟ ಪ್ರಾಣಿ, ಆಲ್ವಾಕೇರಿಯಾ ಮಲೇರಿಯೆನ್ಸಿಸ್. ಶಂಕರ್ ಚಟರ್ಜಿ ಅದನ್ನು 1987ರಲ್ಲಿ ವಾಕೇರಿಯಾ ಎಂದು ಹೆಸರಿಸಿದರು. ಆ ಹೆಸರನ್ನು ಬೇರೊಂದು ಜೀವಿ ಆಗಲೇ ಇಟ್ಟುಕೊಂಡಿದ್ದುದರಿಂದ 1994ರಲ್ಲಿ ಮುಂದೆ ‘ಆಲ್’ ಸೇರಿಸಬೇಕಾಯಿತು. ತಾಪತ್ರಯ ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಪರೀಕ್ಷಿಸಿದವರು, ಇದು ಒಂದೇ ಪ್ರಾಣಿಯ ಎಲುಬಲ್ಲ, ಎರಡು ಮೂರು ಪ್ರಾಣಿಗಳದ್ದು ಬೆರೆತಿದೆ ಎಂದರು. ತೊಡೆಯೆಲುಬು ಮತ್ತು ಹರಡಿನ ಎಲುಬು ಮಾತ್ರ ಡೈನೋಸಾರ್‌ನದೇ ಎಂದು ಒಪ್ಪಿದರು. ಅಂತೂ ನಮ್ಮ ದೇಶದ ಅತಿ ಹಳೆಯ ಡೈನೋಸಾರ್‌ಗೆ ಗಟ್ಟಿಯಾಗಿ ಉಳಿದಿರುವುದು ಒಂದು ಕಾಲು. ಆದರೆ ಆ ಕಾಲು ಬಹಳ ಮುಖ್ಯ. ಹಲ್ಲಿಯ ಹಾಗೆ ಪಕ್ಕಕ್ಕೆ ಚಾಚದೆ, ಮೈಯ ಕೆಳಗೆ ನೇರವಾಗಿ ಕಂಬದಂತೆ ನಿಲ್ಲುವ ಕಾಲು ಡೈನೋಸಾರ್‌ಗಳ ಬಂಡವಾಳ. ಓಡಿಯೂ ಉಸಿರು ಕಟ್ಟದಿರುವ, ಮುಂದೆ ಟನ್‌ಗಟ್ಟಲೆ ಭಾರ ಹೊರಬಲ್ಲ ಕಾಲು. ಸಿನಿಮಾದವರು ಡೈನೋಸಾರ್ ಎಂದರೆ ಹಲ್ಲು ತೋರಿಸುತ್ತಾರೆ. ಸಾಮರ್ಥ್ಯವೆಲ್ಲ ಇದ್ದದ್ದು ಸೊಂಟದಿಂದ ಕೆಳಗೆ.

ಆರಂಭದ ಡೈನೋಸಾರ್‌ಗಳ ವಿಷಯದಲ್ಲಿ ನನಗೆ ಹಿಡಿಸುವುದೂ ಇದೇ. 1993ರ ಆ ಹಾಲಿವುಡ್ ಚಿತ್ರದಿಂದ ನಾವು ಕಲಿತದ್ದು ಗರ್ಜನೆ. ಅದರ ಹೆಸರಿನಲ್ಲಿ ಜುರಾಸಿಕ್ ಇದ್ದರೂ ಅಬ್ಬರಿಸುವ ಪಾತ್ರಗಳು ಹೆಚ್ಚಿನವು ಕ್ರಿಟೇಷಿಯಸ್‌ನವು ಎಂಬುದು ಬೇರೆ ಮಾತು. ಟ್ರಯಾಸಿಕ್‌ನಲ್ಲಿ ಡೈನೋಸಾರ್ ಯಾರ ಕಣ್ಣಿಗೂ ಬೀಳದ ಬಡವ. ರಾಜ್ಯ ಬೇರೆಯವರದ್ದು. ಹೊಳೆ ಪ್ಯಾರಾಸೂಕಸ್‌ನದ್ದು, ಬಯಲು ಕೊಕ್ಕುಬಾಯಿಯ ಮೇವುಗಾರರದ್ದು. ಇವನು ಅಂಚಿನಲ್ಲಿ, ಹುಳುಹುಪ್ಪಟೆ, ಚಿಗುರು, ಸಿಕ್ಕಿದ್ದನ್ನು ತಿಂದುಕೊಂಡು. ಮೂರು ನಾಲ್ಕು ಕೋಟಿ ವರ್ಷದ ನಂತರ ಗೋದಾವರಿಯ ಅದೇ ಕಣಿವೆಯ ಮೇಲಿನ ಪದರಗಳಿಗೆ ಬಂದರೆ ಹಳೆಯ ದೊಡ್ಡವರು ಯಾರೂ ಇಲ್ಲ. ಟ್ರಯಾಸಿಕ್‌ನ ಕೊನೆಯ ಮಹಾನಾಶದಲ್ಲಿ, ಕೆಲವರು ಅದಕ್ಕೂ ಮುಂಚೆಯೇ, ಅಳಿದಿದ್ದರು. ಬಡವನ ಬಳಗ ಮಾತ್ರ ಆನೆಯನ್ನೂ ಮೀರಿ ಬೆಳೆದಿತ್ತು.

ಹೀಗೆ ಬೆಳೆದವನ ಎಲುಬು ಸಿಕ್ಕ ಕಥೆಯಲ್ಲಿ ಕಾರವಾರ ಬರುತ್ತದೆ. ನೇರವಾಗಿ ಅಲ್ಲ, ಹಿಂಬಾಗಿಲಿನಿಂದ.

ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂದರೆ ಲೆಕ್ಕಾಚಾರದ ಸಂಸ್ಥೆ. ಅದನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್‌ರಿಗೆ ಅಂಕಿಸಂಖ್ಯೆಯಷ್ಟೇ ಸಾಲುತ್ತಿರಲಿಲ್ಲ. 1957ರಲ್ಲಿ ಲಂಡನ್ನಿನಿಂದ ಪ್ಯಾಮೆಲಾ ರಾಬಿನ್ಸನ್ ಎಂಬ ಜೀವಾವಶೇಷ ತಜ್ಞೆಯನ್ನು ಕರೆಸಿ, ಭೂವಿಜ್ಞಾನದ ವಿಭಾಗ ತೆರೆದು, ಗೋದಾವರಿ ಕಣಿವೆಗೆ ತಂಡಗಳನ್ನು ಅಟ್ಟಿದರು. ಲೆಕ್ಕದ ಸಂಸ್ಥೆಗೆ ಡೈನೋಸಾರ್ ಏಕೆ ಎಂದು ಇಂದಿನ ಆಡಿಟ್‌ನವರು ಒಂದು ಟಿಪ್ಪಣಿ ಬರೆದಿರುತ್ತಿದ್ದರು. ಪುಣ್ಯಕ್ಕೆ ಅದು ಆ ಕಾಲ. ಮಲೇರಿಯಲ್ಲಿ ಸಿಕ್ಕ, ಸಸ್ತನಿಗಳ ದೂರದ ಬಂಧುವಾದ ಒಂದು ಪ್ರಾಣಿಗೆ ಎಕ್ಸೆರೆಟೊಡಾನ್ ಸ್ಟ್ಯಾಟಿಸ್ಟಿಕೇ ಎಂದೇ ಹೆಸರಿಟ್ಟರು. ಸಂಖ್ಯಾಶಾಸ್ತ್ರದ ಹೆಸರು ಹೊತ್ತ ಪ್ರಾಣಿ ಜಗತ್ತಿನಲ್ಲಿ ಇನ್ನೊಂದು ಇರಲಾರದು ಎಂದು ನನ್ನ ನಂಬಿಕೆ.

1961ರ ಸುಮಾರಿಗೆ, ಮಲೇರಿಗಿಂತ ಕಿರಿಯದಾದ ಕೋಟಾ ಪದರಗಳಲ್ಲಿ, ಪೋಚಂಪಳ್ಳಿ ಎಂಬ ಹಳ್ಳಿಯ ಬಳಿ, ದೊಡ್ಡ ಎಲುಬುಗಳು ಕಾಣಿಸಿಕೊಂಡವು. ಒಂದು ತೊಡೆಯೆಲುಬೇ 1.7 ಮೀಟರ್ ಉದ್ದ. ಅಗೆಯುತ್ತ ಹೋದಂತೆ ಸುಮಾರು 300 ಎಲುಬು, ಕಡಿಮೆಯೆಂದರೂ ಆರು ಪ್ರಾಣಿಗಳದ್ದು. ಜೊತೆಯಲ್ಲೇ ಕಲ್ಲಾದ ಮರದ ಭಾರಿ ದಿಮ್ಮಿಗಳು. ಒಂದು ಹಿಂಡಿಗೆ ಹಿಂಡೇ ನೆರೆಯಲ್ಲಿ ಸಿಕ್ಕಿ ಕೊಚ್ಚಿ ಬಂದಿರಬೇಕೆಂಬುದು ಊಹೆ. ಉದ್ದ ಕತ್ತು, ಉದ್ದ ಬಾಲ, ಮೂತಿಯಿಂದ ಬಾಲದ ತುದಿಗೆ ಸುಮಾರು 14 ಮೀಟರ್. ಜುರಾಸಿಕ್‌ನ ಆರಂಭಕಾಲದ ಸಾರೊಪಾಡ್. ಮುಂದೆ ಬರಲಿದ್ದ ಮಹಾಕಾಯರ ಮೊದಲ ತಲೆಮಾರುಗಳಲ್ಲೊಂದು. ತಲೆಬುರುಡೆ ಮಾತ್ರ ಸಿಗಲೇ ಇಲ್ಲ, ಕೆಲವು ಹಲ್ಲುಗಳಷ್ಟೇ. ಆಲ್ವಾಕೇರಿಯಾಕ್ಕೆ ಕಾಲು ಉಳಿದರೆ ಇದಕ್ಕೆ ತಲೆಯೊಂದು ಬಿಟ್ಟು ಮಿಕ್ಕದ್ದು ಬಹುತೇಕ ಎಲ್ಲ. 1975ರಲ್ಲಿ ಅದಕ್ಕೆ ಇಟ್ಟ ಹೆಸರು ಬಾರಾಪಾಸಾರಸ್ ಟಾಗೋರಿ. ಕ್ಷೇತ್ರಕಾರ್ಯದ ಆ ವರ್ಷ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ, ಅದಕ್ಕೇ ಕವಿಯ ಹೆಸರು. ಮಹಲನೋಬಿಸ್ ಕವಿಯ ಹತ್ತಿರದವರು, ಹಲವು ವರ್ಷ ವಿಶ್ವಭಾರತಿಯ ಕೆಲಸ ನೋಡಿಕೊಂಡವರು. ಅವರ ಸಂಸ್ಥೆಗೆ ಬೇರೆ ಹೆಸರು ಹೊಳೆಯುವುದು ಕಷ್ಟವೇ ಇತ್ತು. ಆ ಪ್ರಾಣಿಯ ಎಲುಬುಗಳನ್ನು ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರ ಈಗ ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಕಾಳಿಯ ಬಾಯಿಗೆ ಹಿಂದಿರುಗೋಣ. ಆ ಕವಿ 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಸೇರಿದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆಗ ಇದು ಮುಂಬೈ ಪ್ರಾಂತದ ಊರು. ತಮ್ಮ ನೆನಪಿನ ಪುಸ್ತಕದಲ್ಲಿ ಠಾಕೂರರು ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಅರ್ಧಚಂದ್ರದಂಥ ದಂಡೆ, ಅಂಚಿನ ಗಾಳಿಮರದ ಕಾಡು, ಗುಡ್ಡಗಳ ನಡುವಿನಿಂದ ಬರುವ ಕಾಳಿ, ಎಲ್ಲ ಅಲ್ಲಿದೆ. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ್ದೆನ್ನುವ ಗುಡ್ಡದ ಕೋಟೆ ಕಂಡು, ರೈತನೊಬ್ಬನ ಅಂಗಳದಲ್ಲಿ ಊಟಕ್ಕೆ ಕೂತು, ಇಳಿತದ ನೀರಿನಲ್ಲಿ ದೋಣಿ ತೇಲಲು ಬಿಟ್ಟು ಹಿಂದಿರುಗಿದರಂತೆ. ಅಳಿವೆ ಎಷ್ಟು ಹೊತ್ತಾದರೂ ಬರಲೊಲ್ಲದು. ಕೊನೆಗೆ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಮನೆ ಕಾರವಾರದಲ್ಲಿದ್ದುದರಿಂದ ಆ ಮರಳು ಆಚೆ ದಡದ್ದೇ ಇರಬೇಕು. ದೇವಬಾಗದವರಿಗೆ ಸ್ವಲ್ಪ ಬೇಸರವಾದೀತು, ಆದರೆ ಸತ್ಯ ಸತ್ಯವೇ. ನಮ್ಮ ಪಾಲಿಗೆ ಬೆಳದಿಂಗಳಾದರೂ ಬಂದಿರುತ್ತದೆ. ಕಾರವಾರದವರು ಅವರ ದಂಡೆಗೆ ಕವಿಯ ಹೆಸರಿಟ್ಟು ಲೆಕ್ಕ ಚುಕ್ತಾ ಮಾಡಿದ್ದಾರೆ.

ಪ್ರಕೃತಿಯನ್ನು ಗೆಲ್ಲುತ್ತೇನೆಂದು ಹೊರಟ ಸನ್ಯಾಸಿಯೊಬ್ಬ ಪುಟ್ಟ ಹುಡುಗಿಯೊಬ್ಬಳ ಮುಂದೆ ಸೋಲುವ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದ್ದು ಇಲ್ಲಿಯೇ. ಬರೆಯುತ್ತ ಕೂತ ಆ ಹುಡುಗನಿಗೆ, ನಿನ್ನ ಹೆಸರು ಹದಿನಾಲ್ಕು ಮೀಟರ್ ಉದ್ದದ, ತಲೆಯಿಲ್ಲದ ಒಂದು ಪ್ರಾಣಿಗೆ ಅಂಟಿಕೊಳ್ಳಲಿದೆ ಎಂದು ಯಾರಾದರೂ ಹೇಳಿದ್ದರೆ? ನಕ್ಕಿರುತ್ತಿದ್ದರು, ಬೇಸರಪಡುತ್ತಿರಲಿಲ್ಲ ಎಂದು ನನ್ನ ಲೆಕ್ಕ. ಎಪ್ಪತ್ತು ದಾಟಿದ ಮೇಲೆ, 1937ರಲ್ಲಿ, ಪರಮಾಣುವಿನಿಂದ ನಕ್ಷತ್ರದವರೆಗೆ ವಿವರಿಸುವ ‘ವಿಶ್ವಪರಿಚಯ’ವೆಂಬ ವಿಜ್ಞಾನದ ಪುಸ್ತಕ ಬರೆದ ಮನುಷ್ಯ ಅವರು. ದಂಡೆಯ ಮೇಲೆ ನಿಲ್ಲಿಸುವ ಪ್ರತಿಮೆಗೆ ಕಾಗೆಯ ಕಾಟ. ಡೈನೋಸಾರ್‌ನ ಹೆಸರಿಗೆ ಅದಿಲ್ಲ.

ಗಾಳಿಮರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದೇವಬಾಗದಲ್ಲಿ ಟ್ರಯಾಸಿಕ್‌ನ ಭ್ರಮೆ ಹುಟ್ಟಿಸುವುದು ಅದೇ. ಎಲೆಯೆನಿಸುವ ಎಲೆಯಿಲ್ಲ, ಹೂವೆನಿಸುವ ಹೂವಿಲ್ಲ, ಗಂಟುಗಂಟಾದ ಹಸಿರು ಕಡ್ಡಿಗಳು, ಮರದಂಥ ಪುಟ್ಟ ಕಾಯಿ. ಕಂಡವರು ಪೈನ್ ಜಾತಿಯೆಂದೇ ಬಗೆಯುತ್ತಾರೆ. ಆ ಕಾಲದ ಕಾಡುಗಳಲ್ಲಿದ್ದದ್ದು ಶಂಕುಮರಗಳು, ಜರಿಗಿಡಗಳು, ಈಚಲನ್ನು ಹೋಲುವ ಸೈಕಸ್‌ನ ಬಳಗ, ಗಂಟುಕಡ್ಡಿಯ ಕುದುರೆಬಾಲದ ಗಿಡಗಳು. ಅವನ್ನೆಲ್ಲ ಕಲೆಸಿ ಒಂದೇ ಮರ ಮಾಡಿದಂತೆ ನಮ್ಮ ಗಾಳಿಮರ ನಿಂತಿದೆ. ಆದರೆ ಅದು ಅಪ್ಪಟ ಹೂಬಿಡುವ ಸಸ್ಯ, ಡೈನೋಸಾರ್‌ಗಳಿಗಿಂತ ಎಷ್ಟೋ ಕಿರಿಯದು. ಅದೂ ಸ್ಥಳೀಯವಲ್ಲ. ಸೌದೆಗೆಂದು ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಕರಾವಳಿಯಲ್ಲಿ ನೆಟ್ಟು ಬೆಳೆಸಿದ್ದು. ಠಾಕೂರರು ಕಂಡಾಗ ಆ ಕಾಡಿಗೆ ಅವರಷ್ಟೂ ವಯಸ್ಸಾಗಿರಲಿಲ್ಲವೇನೋ. ಉಗಿಬಂಡಿಗೆ ಉರುವಲಾಗಬೇಕಿದ್ದದ್ದು ಕವಿಗೆ ಕಾಡಾಯಿತು, ನನಗೆ ಟ್ರಯಾಸಿಕ್ ಆಗುತ್ತಿದೆ.

ನಿಜವಾದ ಟ್ರಯಾಸಿಕ್‌ನಲ್ಲಿ ದೇವಬಾಗದ ಮಧ್ಯಾಹ್ನ ಹೇಗಿದ್ದೀತು? ಮೊದಲು ಕಾಣೆಯಾಗುವುದು ಹಸಿರು ಹುಲ್ಲು. ಹುಲ್ಲೇ ಹುಟ್ಟಿರಲಿಲ್ಲ. ಹುಲ್ಲಿಲ್ಲವೆಂದರೆ ಭತ್ತವಿಲ್ಲ, ಭತ್ತವಿಲ್ಲವೆಂದರೆ ಕುಚ್ಚಲಕ್ಕಿಯ ಗಂಜಿಯಿಲ್ಲ. ತೆಂಗಿಲ್ಲ. ಮೀನಿನ ಸಾರಿಗೆ ತೆಂಗಿನಕಾಯಿ ಇಲ್ಲದ ಲೋಕವನ್ನು ಕಾರವಾರದವರು ಪ್ರಳಯವೆಂದೇ ಕರೆಯುತ್ತಾರೆ. ಹುಳಿಗೆ ಮುರುಗಲಿಲ್ಲ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಅದರ ಮಾತು ಬೇಡ. ಆದರೆ ಮೀನಿತ್ತು, ಚಿಪ್ಪಿನ ಜೀವಿಗಳಿದ್ದವು. ಇಳಿತದ ಹೊತ್ತಿಗೆ ಕಾಳಿಯ ಅಳಿವೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಹೆಂಗಸರು ಹೆಕ್ಕುವ ತಿಸರೆಯ ದೂರದ ಪೂರ್ವಜರು ಆಗಲೇ ಚಿಪ್ಪು ಮುಚ್ಚಿ ಕೂತಿದ್ದರು. ಹಕ್ಕಿಯ ಕೂಗಿಲ್ಲ. ಇರುವೆಯಿಲ್ಲ. ಚಿಮ್ಮಂಡೆಯ ಬಳಗ ಮತ್ತು ಏರೋಪ್ಲೇನ್ ಚಿಟ್ಟೆಯ ಬಳಗ ಇದ್ದವು. ಜಿರಲೆಯ ಹಿರಿಯರೂ ಇದ್ದರು. ಜಿರಲೆ ಯಾವಾಗ ಇರಲಿಲ್ಲ?

ಆ ಕಾಲದವರು ಎಲ್ಲರೂ ಹೋಗಿಬಿಟ್ಟರೇ ಎಂದು ನೋಡಿದರೆ, ಪೂರ್ತಿ ಹೋಗಿಲ್ಲ. ಕಾರವಾರದ ಪೇಟೆಯಲ್ಲಿ ಮೋರಿ ಮೀನು ಕೊಳ್ಳುವವರು ಒಂದು ಕ್ಷಣ ನಿಂತು ಆ ಒರಟು ಚರ್ಮವನ್ನು ಮುಟ್ಟಿ ನೋಡಬೇಕು. ಶಾರ್ಕಿನ ಕುಲ ಡೈನೋಸಾರ್‌ಗಿಂತ ಹಳೆಯದು. ಮಲೇರಿಯ ಹೊಳೆಯಲ್ಲೇ ಸಿಹಿನೀರಿನ ಶಾರ್ಕ್ ಇತ್ತು. ಇದೇ ಕಾಳಿಯ ಮೇಲ್ಗಡೆ, ದಾಂಡೇಲಿಯಲ್ಲಿ, ಬಂಡೆಯ ಮೇಲೆ ಬಾಯ್ದೆರೆದು ಮಲಗುವ ಮೊಸಳೆಗಳ ಕುಲದ ಹಿರಿಯರು ಟ್ರಯಾಸಿಕ್‌ನಲ್ಲೇ ಓಡಾಡುತ್ತಿದ್ದರು.

ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ದೇವಬಾಗದ ಉಸುಕಿಗೇ ಬರುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆ ದಡ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಹಿಂದಿರುಗಿ ನೋಡದೆ ಹೋಗುತ್ತದೆ. ಬೆಳಗ್ಗೆ ಮೀನುಗಾರರು ಹೆಜ್ಜೆಯ ಜಾಡು ಕಂಡು ಸುದ್ದಿ ಮುಟ್ಟಿಸಿದರೆ ಅರಣ್ಯ ಇಲಾಖೆಯವರು ಬಂದು ಸುತ್ತ ಬೇಲಿ ಕಟ್ಟುತ್ತಾರೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಕಾವು ತೀರ್ಮಾನಿಸುತ್ತದೆ. ಹೆಚ್ಚು ಬಿಸಿಯಾದರೆ ಹೆಣ್ಣೇ ಹೆಚ್ಚು. ಆಮೆಯ ಕುಲ ಸುಮಾರು 22 ಕೋಟಿ ವರ್ಷದ ಹಿಂದೆ ಆಗಲೇ ಇತ್ತು, ಆಲ್ವಾಕೇರಿಯಾದ ಸಮಕಾಲೀನ. ಚೀನಾದ ಗುಯ್‌ಜೋ ಪ್ರಾಂತದಲ್ಲಿ ಸಿಕ್ಕು 2008ರಲ್ಲಿ ಪ್ರಕಟವಾದ ಓಡಾಂಟೊಕೆಲಿಸ್ ಎಂಬ ಆಮೆಗೆ ಹೊಟ್ಟೆಯ ಕೆಳಗಷ್ಟೇ ಚಿಪ್ಪಿತ್ತು, ಬೆನ್ನಿಗಿರಲಿಲ್ಲ, ಬಾಯಲ್ಲಿ ಹಲ್ಲಿತ್ತು. ಎದುರಿಗೆ ಕೂರ್ಮಗಡ ಬೇರೆ ಆಮೆಯ ಹೆಸರು ಹೊತ್ತು ಕೂತಿದೆ. ಪುಷ್ಯದ ಹುಣ್ಣಿಮೆಗೆ ಅಲ್ಲಿನ ನರಸಿಂಹನ ಜಾತ್ರೆಗೆ ದೋಣಿ ತುಂಬ ಜನ, ಬಾಳೆಗೊನೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂದು ಬೆರಳು ಮಡಚಿ, ನಮ್ಮವರು ವಿಕಾಸವಾದವನ್ನು ಡಾರ್ವಿನ್‌ಗಿಂತ ಮುಂಚೆಯೇ ಹೇಳಿದ್ದಾರೆ ಎನ್ನುವವರು ಪ್ರತಿ ಜಾತ್ರೆಯಲ್ಲೂ ಒಬ್ಬರು ಸಿಗುತ್ತಾರೆ. ನನಗೆ ಆ ಮಾತು ರುಚಿಸುವುದಿಲ್ಲ. ನರಸಿಂಹನಿಗೆ ಡಾರ್ವಿನ್ನನ ಶಿಫಾರಸು ಬೇಕಿಲ್ಲ, ಕಡಲಾಮೆಗೆ ಯಾರದ್ದೂ ಬೇಕಿಲ್ಲ.

ಕಾಲವನ್ನು ಕೋಟಿಗಳಲ್ಲಿ ಎಣಿಸುತ್ತ ಕೂತವನಿಗೆ ಮನುಷ್ಯನ ಅಳತೆ ಆಗಾಗ ತಲೆಗೆ ಮೊಟಕುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ಸೇತುವೆಗೆ ಸುಮಾರು ನಲವತ್ತು ವರ್ಷ. ಕೆಳಗಿನ ಬಂಡೆ ಅದರ ವಯಸ್ಸು ಕೇಳಿದ್ದರೆ ಏನೆಂದು ಹೇಳುತ್ತಿದ್ದೆವು?

ಬೆಳಗಿನ ಹೊತ್ತು ದಡದಲ್ಲಿ ಬಲೆ ಎಳೆದು ಮುಗಿದ ಮೇಲೆ ಗರುಡಗಳು ಇಳಿಯುತ್ತವೆ. ಕೆಂಗಂದು ಮೈ, ಬಿಳಿ ತಲೆ. ಅವುಗಳ ಜೊತೆ ಹದ್ದು, ಕಾಗೆ, ಬೆಳ್ಳಕ್ಕಿ. ದೂರದಲ್ಲಿ ನಡುಗಡ್ಡೆಯ ಕಡೆಯಿಂದ ಬರುವ ಕಡಲ ಹದ್ದು. ಹಕ್ಕಿಗಳು ಡೈನೋಸಾರ್‌ಗಳ ‘ವಂಶಸ್ಥರು’ ಎಂದು ಮರ್ಯಾದೆಗೆ ಹೇಳುವುದುಂಟು. ವಿಜ್ಞಾನದ ವರ್ಗೀಕರಣದಲ್ಲಿ ಅವು ಡೈನೋಸಾರ್‌ಗಳೇ, ರಿಯಾಯಿತಿಯಿಲ್ಲ. ಮೈಯ ಕೆಳಗೆ ನೆಟ್ಟಗೆ ನಿಂತ ಅದೇ ಕಾಲು, ಅದೇ ಹರಡು. ನಮ್ಮ ಬಂಡೆಯ ಮೇಲಿದ್ದು ಸವೆದು ಹೋದ ಆ ನೆಲದ ಎತ್ತರದಲ್ಲಿ, ನೆಲ ಹೋದರೂ ಓಡಾಟ ಬಿಡದವರು. ಗರುಡ ಮೇಲಿನಿಂದ ಓರೆಯಾಗಿ ಜಾರಿ ಬಂದು, ಬುಟ್ಟಿಯಂಚಿನಿಂದ ಒಂದು ತಾರ್ಲೆಯನ್ನು ಎತ್ತಿಕೊಂಡು, ರೆಕ್ಕೆ ಬಡಿಯುವ ಮೊದಲೇ ಅರ್ಧ ತಿಂದಿರುತ್ತದೆ.

ಮೀನು ವಿಂಗಡಿಸುತ್ತ ಕೂತ ಹೆಂಗಸಿಗೆ ಒಂದು ದಿನ ಇದನ್ನು ಹೇಳಿಬಿಟ್ಟೆ. “ಬಾಯಿ, ನೀವು ಓಡಿಸ್ತಾ ಇರೋದು ಡೈನೋಸಾರ್.”

ಅವರು ತಲೆಯೆತ್ತಲಿಲ್ಲ. ಬಂಗಡೆಯ ಒಂದು ತಲೆ ಮುರಿದು ಹಿಂದಕ್ಕೆ ಎಸೆದರು, ಗರುಡ ಅದನ್ನು ನೆಲ ಮುಟ್ಟಲು ಬಿಡಲಿಲ್ಲ.

“ಇರ್ಲಿ ಮಾಸ್ತರ್ರೆ, ದಿನಾ ಬರ್ತದೆ ಅದು. ಒಂದು ದಿನಾನೂ ದುಡ್ಡು ಕೊಟ್ಟಿಲ್ಲ. ನಿಮಗೆ ಎಷ್ಟು ಹಾಕ್ಲಿ?”

ಬಂಗಡೆ ದಪ್ಪಗಿತ್ತು, ಕಣ್ಣು ಕೆಂಪಾಗಿರಲಿಲ್ಲ, ಕಿವಿರು ಕೆಂಪಾಗಿತ್ತು. ಒಂದು ಡಜನ್ ಹಾಕಿಸಿಕೊಂಡೆ. ತಲೆ ಬಿಡಿಸಬೇಡಿ, ಸಾರಿಗೆ ಬೇಕು ಎಂದೆ.